ಥಾರ್ ಮರುಭೂಮಿಯ ಐಷಾರಾಮಿ ಡೇರೆಯಲ್ಲಿ ತಂಗುವುದು: ಮುಂಬಯಿ, ಪುಣೆ, ಗೋವಾ ಕನ್ನಡಿಗರಿಗೆ ಸಮಗ್ರ ಮಾರ್ಗದರ್ಶಿ

ಮಾಟುಂಗಾ, ಮುಲುಂಡ್, ಡೊಂಬಿವಲಿಯ ಕನ್ನಡಿಗರ ಮನೆಗಳಲ್ಲಿ ರಜೆ ಬಂತೆಂದರೆ ಉಡುಪಿಗೋ ಹುಬ್ಬಳ್ಳಿಗೋ ರೈಲು ಹತ್ತುವುದು ಹಳೆಯ ವಾಡಿಕೆ. ಈಗ ಅದೇ ಮನೆಗಳ ಮಕ್ಕಳು ಒಂದು ಚಳಿಗಾಲವನ್ನಾದರೂ ರಾಜಸ್ಥಾನದ ಮರಳಿನಲ್ಲಿ ಕಳೆಯಬೇಕೆಂದು ಬಯಸುತ್ತಾರೆ. ಅಪ್ಪ, ಅಮ್ಮ, ಅಜ್ಜಿಯನ್ನೂ ಜೊತೆಗೆ ಕರೆದೊಯ್ಯುವ ಆಸೆ ಇರುವುದರಿಂದ ಸಾಧಾರಣ ಡೇರೆಯ ಬದಲು ಮಂಚ, ಬಿಸಿನೀರು, ಸ್ವಂತ ಸ್ನಾನಗೃಹ ಎಲ್ಲವೂ ಇರುವ ಐಷಾರಾಮಿ ಶಿಬಿರವನ್ನು ಹುಡುಕುತ್ತಾರೆ. ಇದಕ್ಕೆ ಗ್ಲಾಂಪಿಂಗ್ ಎಂಬ ಹೆಸರು ರೂಢಿಯಾಗಿದೆ. ಕಲ್ಲಿನ ಅಥವಾ ಸಿಮೆಂಟಿನ ಕಟ್ಟೆಯ ಮೇಲೆ ನಿಂತ ದಪ್ಪ ಕ್ಯಾನ್ವಾಸಿನ ಡೇರೆ, ಅದರ ಹಿಂಬದಿಗೆ ಸೇರಿಕೊಂಡಂತೆ ಶೌಚಾಲಯ, ಮುಂದೆ ಕುಳಿತುಕೊಳ್ಳಲು ಸಣ್ಣ ಜಗಲಿ: ಇಷ್ಟು ಅದರ ಮೂಲ ರೂಪ.

ಸಮುದ್ರದ ಅಂಚಿನಲ್ಲಿ ಬದುಕುವ ನಮಗೆ ಒಣ ಚಳಿ, ಒಣ ಗಾಳಿ, ನೀರಿನ ಕೊರತೆ ಇವು ಮೂರೂ ಅಪರಿಚಿತ. ಶಿಬಿರದ ಜಾಹೀರಾತಿನಲ್ಲಿ ತೂಗುದೀಪ, ಗುಲಾಬಿ ಪಕಳೆ ಚೆಲ್ಲಿದ ಹಾಸಿಗೆ, ಈಜುಕೊಳ ಕಾಣುತ್ತವೆಯೇ ಹೊರತು ಬೆಳಗಿನ ಜಾವ ಐದು ಗಂಟೆಗೆ ಡೇರೆಯೊಳಗೆ ಎಷ್ಟು ಚಳಿ ಇರುತ್ತದೆ ಎಂಬುದು ಕಾಣುವುದಿಲ್ಲ. ನನ್ನ ದೃಷ್ಟಿಯಲ್ಲಿ ಮರುಭೂಮಿಯಲ್ಲಿ ಐಷಾರಾಮ ಎನ್ನಬಹುದಾದದ್ದು ಮೂರೇ: ರಾತ್ರಿಯಿಡೀ ಬೆಚ್ಚಗಿರುವುದು, ಬೇಕಾದಾಗ ಬಿಸಿನೀರು ಸಿಗುವುದು, ಸುತ್ತ ಸದ್ದಿಲ್ಲದಿರುವುದು. ಸ್ಥಳದ ಆಯ್ಕೆಯಿಂದ ಹಿಡಿದು ಬಿಲ್ ಪಾವತಿಯವರೆಗೆ ಈ ಮಾರ್ಗದರ್ಶಿಯ ಪ್ರತಿಯೊಂದು ಸಲಹೆಯೂ ಈ ಮೂರರ ಸುತ್ತಲೇ ಇದೆ.

ಮೊದಲ ಹೆಜ್ಜೆ: ಯಾವ ಮರಳು ಎಂದು ನಿರ್ಧರಿಸುವುದು

ಜೈಸಲ್ಮೇರ್ ನಗರದಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿರುವ ಸಮ್ ಎಲ್ಲರಿಗೂ ಗೊತ್ತಿರುವ ಜಾಗ. ರಸ್ತೆಯ ಪಕ್ಕದಲ್ಲೇ ದೊಡ್ಡ ಮರಳದಿಬ್ಬಗಳು, ಅವುಗಳೆದುರು ಸಾಲುಸಾಲಾಗಿ ಶಿಬಿರಗಳು. ವಾಹನದಿಂದ ಇಳಿದು ಹೆಚ್ಚು ನಡೆಯಲಾಗದ ಹಿರಿಯರಿಗೆ ಇದು ಅನುಕೂಲಕರ; ಆದರೆ ಡಿಸೆಂಬರಿನ ಕೊನೆಯ ವಾರ ಇಲ್ಲಿ ಒಂದು ಶಿಬಿರದ ಡಿಜೆ ಸದ್ದು ಪಕ್ಕದ ನಾಲ್ಕು ಶಿಬಿರಗಳಿಗೆ ಕೇಳಿಸುತ್ತದೆ. ನಗರದ ನೈರುತ್ಯ ದಿಕ್ಕಿಗೆ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿರುವ ಖುರಿ ಇದಕ್ಕಿಂತ ಶಾಂತ. ಅಲ್ಲಿ ಊರು, ಮಣ್ಣಿನ ಮನೆಗಳು, ದಿಬ್ಬಗಳು ಒಂದಕ್ಕೊಂದು ಹತ್ತಿರದಲ್ಲಿವೆ. ವಸತಿ ಮಾತ್ರ ಬಹುಪಾಲು ಸರಳವಾದದ್ದು.

ಮೂರನೆಯ ದಾರಿಯೂ ಒಂದಿದೆ. ಖರ್ಚಿಗೆ ಹಿಂಜರಿಯದವರು ದಿಬ್ಬಗಳ ಜಂಗುಳಿಯನ್ನೇ ಬಿಟ್ಟು, ಜೋಧ್‌ಪುರ ರಸ್ತೆಯ ಚಾಂದನ್ ಗ್ರಾಮದ ಕಡೆ ಕುರುಚಲು ಬಯಲಿನ ನಡುವೆ ಇರುವ ಸುಜಾನ್ ದ ಸೆರಾಯ್‌ನಂಥ ಶಿಬಿರವನ್ನು ಆರಿಸಬಹುದು. ಇಂಥಲ್ಲಿ ಡೇರೆಗಳು ಕಡಿಮೆ, ನಡುವಿನ ಅಂತರ ಹೆಚ್ಚು, ದಿಬ್ಬಗಳಿಗೆ ಅವರೇ ವಾಹನದಲ್ಲಿ ಕರೆದೊಯ್ಯುತ್ತಾರೆ. ಜೈಸಲ್ಮೇರ್‌ವರೆಗೆ ಹೋಗಲು ಸಮಯವಿಲ್ಲದವರಿಗೆ ಜೋಧ್‌ಪುರದಿಂದ ಸುಮಾರು 65 ಕಿಲೋಮೀಟರ್ ದೂರದ ಓಸಿಯಾಂ ಇದೆ. ದಿಬ್ಬಗಳು ಚಿಕ್ಕವು, ಆದರೆ ಎಂಟನೆಯ ಶತಮಾನದಿಂದೀಚೆಗೆ ಕಟ್ಟಿದ ದೇವಾಲಯಗಳ ಗುಂಪೇ ಪಕ್ಕದಲ್ಲಿದೆ. ಗುಜರಾತಿನ ಧೋರ್ಡೊದಲ್ಲಿ ರಣ ಉತ್ಸವದ ಡೇರೆನಗರಿ ಇರುವುದು ಉಪ್ಪಿನ ಬಯಲಿನಲ್ಲಿ. ಮರಳು ನೋಡಬೇಕೆಂದವರು ಅದನ್ನು ಬೇರೊಂದು ಪ್ರವಾಸಕ್ಕೆ ಉಳಿಸಿಕೊಳ್ಳುವುದು ಒಳಿತು.

ಮೊದಲ ಬಾರಿ ಹೋಗುವ, ಹಿರಿಯರಿರುವ ಕುಟುಂಬಕ್ಕೆ ನನ್ನ ಸಲಹೆ ಇಷ್ಟು: ಸಮ್ ದಿಬ್ಬಗಳ ಮುಖ್ಯ ಜಂಗುಳಿಯಿಂದ ಕನಿಷ್ಠ ಎರಡು ಮೂರು ಕಿಲೋಮೀಟರ್ ಆಚೆ ಇರುವ, ಇಪ್ಪತ್ತು ಮೂವತ್ತಕ್ಕಿಂತ ಹೆಚ್ಚು ಡೇರೆಗಳಿಲ್ಲದ ಶಿಬಿರವನ್ನು ಹುಡುಕಿ.

ಕಾಲ ಮತ್ತು ತಿಥಿ

ಅಕ್ಟೋಬರಿನಿಂದ ಮಾರ್ಚ್‌ವರೆಗೆ ಹಂಗಾಮು. ಏಪ್ರಿಲ್ ನಂತರ ಬಿಸಿಲು 45 ಡಿಗ್ರಿ ದಾಟುವುದುಂಟು, ಧೂಳಿನ ಬಿರುಗಾಳಿ ಏಳುತ್ತದೆ, ಅನೇಕ ಉತ್ತಮ ಶಿಬಿರಗಳು ಬಾಗಿಲು ಹಾಕುತ್ತವೆ. ಮುಂಬಯಿಯ ಶಾಲೆಗಳ ದೀಪಾವಳಿ ರಜೆಯಲ್ಲಿ ಹೋದರೆ ಹಗಲು ಇನ್ನೂ ಬಿಸಿಯಾಗಿಯೇ ಇರುತ್ತದೆ, ರಾತ್ರಿ ಹಿತವಾಗಿರುತ್ತದೆ, ಹೆಚ್ಚಿನ ಬೆಚ್ಚನೆಯ ಬಟ್ಟೆಯ ಅಗತ್ಯವೂ ಇಲ್ಲ. ಚಿಕ್ಕ ಮಕ್ಕಳಿರುವವರಿಗೆ ನವೆಂಬರ್ ಮೊದಲೆರಡು ವಾರಗಳೇ ಉತ್ತಮ. ಜನವರಿಯಲ್ಲಿ ಹಗಲು ಇಪ್ಪತ್ತೈದು ಡಿಗ್ರಿಯೊಳಗಿದ್ದರೂ ರಾತ್ರಿ ಎಂಟು ಡಿಗ್ರಿಯ ಆಸುಪಾಸಿಗೆ, ಶೀತಗಾಳಿ ಬೀಸಿದ ದಿನಗಳಲ್ಲಿ ಐದಕ್ಕೂ ಕೆಳಗೆ ಇಳಿಯುತ್ತದೆ. ಗಾಳಿಯಲ್ಲಿ ತೇವವಿಲ್ಲ, ಆಕಾಶದಲ್ಲಿ ಮೋಡವಿಲ್ಲ. ಹಗಲು ಕಾದ ಮರಳು ಸೂರ್ಯ ಮುಳುಗಿದ ಒಂದೆರಡು ಗಂಟೆಯಲ್ಲೇ ತನ್ನ ಶಾಖವನ್ನೆಲ್ಲ ಬಿಟ್ಟುಕೊಡುತ್ತದೆ. ಪುಣೆಯವರಿಗೆ ಸ್ವೆಟರಿನ ಪರಿಚಯವಿದೆ. ಮುಂಬಯಿ, ಗೋವಾದವರು ಈ ಇಳಿತವನ್ನು ಊಹಿಸಿಕೊಂಡೇ ಸಿದ್ಧರಾಗಬೇಕು. ಫೆಬ್ರವರಿಯ ಎರಡನೆಯ ಭಾಗ ಎಲ್ಲರಿಗೂ ಹೊಂದುವ ಕಾಲವೆಂದು ನನ್ನ ಅಭಿಪ್ರಾಯ: ಚಳಿ ಸೌಮ್ಯ, ದರವೂ ವರ್ಷಾಂತ್ಯಕ್ಕಿಂತ ಕಡಿಮೆ.

ದಿನಾಂಕ ಗೊತ್ತುಮಾಡುವ ಮೊದಲು ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ತಿಥಿ ನೋಡುವುದು ಬಹಳ ಮುಖ್ಯ, ಪ್ರವಾಸದ ಏಜೆಂಟರು ಇದನ್ನು ಹೇಳುವುದಿಲ್ಲ. ನಕ್ಷತ್ರ ನೋಡಬೇಕೆಂದಿದ್ದರೆ ಕೃಷ್ಣಪಕ್ಷದ ಷಷ್ಠಿಯಿಂದ ಶುಕ್ಲಪಕ್ಷದ ತದಿಗೆಯವರೆಗಿನ ರಾತ್ರಿಗಳನ್ನು ಆರಿಸಿ. ಆ ದಿನಗಳಲ್ಲಿ ಚಂದ್ರ ತಡವಾಗಿ ಮೂಡುತ್ತಾನೆ ಅಥವಾ ಬೇಗ ಮುಳುಗುತ್ತಾನೆ, ಊಟ ಮುಗಿಯುವ ಹೊತ್ತಿಗೆ ಆಕಾಶ ಪೂರ್ತಿ ಕತ್ತಲಾಗಿರುತ್ತದೆ. ಚಳಿಗಾಲದಲ್ಲಿ ಕೃತ್ತಿಕೆಯ ಗೊಂಚಲು, ಕೆಂಪು ರೋಹಿಣಿ, ಮೃಗಶಿರದ ಮೂರು ಚುಕ್ಕೆಗಳು ಅಜ್ಜಿ ತೋರಿಸಿದ ಹಾಗೆಯೇ ಬರಿಗಣ್ಣಿಗೆ ಕಾಣುತ್ತವೆ. ಮುಂಬಯಿಯ ದೀಪಗಳ ಬೆಳಕಿನಲ್ಲಿ ಬೆಳೆದ ಮಕ್ಕಳಿಗೆ ಇದಕ್ಕಿಂತ ದೊಡ್ಡ ಕೊಡುಗೆ ಕೊಡಲಾರೆವು. ಬೆಳದಿಂಗಳಿನಲ್ಲಿ ಮರಳು ನೋಡುವ ಆಸೆಯುಳ್ಳವರು ಹುಣ್ಣಿಮೆಯನ್ನು ಆರಿಸಲಿ. ನಾವು ಭಾರತ ಹುಣ್ಣಿಮೆ ಎನ್ನುವ ಮಾಘ ಮಾಸದ ಹುಣ್ಣಿಮೆಗೆ ಮುಗಿಯುವಂತೆ ಜೈಸಲ್ಮೇರ್‌ನಲ್ಲಿ ಮರು ಮಹೋತ್ಸವ ಎಂಬ ಮರುಭೂಮಿಯ ಉತ್ಸವ ನಡೆಯುತ್ತದೆ. ಆಗ ಸಂಭ್ರಮವೂ ಹೆಚ್ಚು, ಜನಸಂದಣಿಯೂ ಹೆಚ್ಚು.

ಮುಂಗಡ ಕೊಡುವ ಮೊದಲು ಕೇಳಬೇಕಾದದ್ದು

ಇಡೀ ಪ್ರವಾಸದ ಸುಖ ದುಃಖ ನಿರ್ಧಾರವಾಗುವುದು ಈ ಹಂತದಲ್ಲಿ. ಆದ್ದರಿಂದ ಅವಸರ ಮಾಡಬಾರದು. ಶಿಬಿರದ ಹೆಸರು ಗೊತ್ತಾದೊಡನೆ ಗೂಗಲ್ ನಕ್ಷೆಯ ಉಪಗ್ರಹ ಚಿತ್ರದಲ್ಲಿ ಅದನ್ನು ಹುಡುಕಿ. ಡೇರೆಗಳು ಒಂದಕ್ಕೊಂದು ಎಷ್ಟು ಹತ್ತಿರ ಇವೆ, ನೆರೆಯ ಶಿಬಿರ ಎಷ್ಟು ದೂರ, ದಿಬ್ಬ ಎಲ್ಲಿದೆ, ರಸ್ತೆ ಎಲ್ಲಿದೆ ಎಂಬುದನ್ನು ಯಾವ ಛಾಯಾಚಿತ್ರವೂ ಹೀಗೆ ತೋರಿಸುವುದಿಲ್ಲ. ಬಳಿಕ ಅತಿಥಿಗಳ ಅಭಿಪ್ರಾಯಗಳಲ್ಲಿ ನೀವು ಹೋಗಲಿರುವ ತಿಂಗಳಿನವನ್ನು ಮಾತ್ರ ಓದಿ. ಅಕ್ಟೋಬರಿನಲ್ಲಿ ತಂಗಿದವರು ಜನವರಿಯ ಚಳಿಯ ಬಗ್ಗೆ ಏನನ್ನೂ ಹೇಳಲಾರರು.

ಅನಂತರ ಶಿಬಿರಕ್ಕೇ ಫೋನ್ ಮಾಡಿ, ಮೊದಲನೆಯದಾಗಿ ಶಾಖದ ಬಗ್ಗೆ ಕೇಳಿ. ಡೇರೆಯೊಳಗೆ ವಿದ್ಯುತ್ ಹೀಟರ್ ಇದೆಯೇ, ರಾತ್ರಿಯಿಡೀ ವಿದ್ಯುತ್ ಇರುತ್ತದೆಯೇ, ಜನರೇಟರ್ ನಿಲ್ಲಿಸಿದ ಮೇಲೂ ಹೀಟರ್ ನಡೆಯುತ್ತದೆಯೇ, ರಜಾಯಿಗಳು ತಲೆಗೊಂದರಂತೆ ಸಿಗುತ್ತವೆಯೇ, ಹಾಸಿಗೆಗೆ ಬಿಸಿನೀರಿನ ಚೀಲ ಕೊಡುತ್ತಾರೆಯೇ? ಕೆಲವೆಡೆ ಚಳಿಗೆಂದು ಕೆಂಡದ ಅಗ್ಗಿಷ್ಟಿಕೆಯನ್ನು ಒಳಗಿಡಲು ಮುಂದಾಗುವುದುಂಟು. ಅದನ್ನು ಯಾವ ಕಾರಣಕ್ಕೂ ಒಪ್ಪಬೇಡಿ. ಮುಚ್ಚಿದ ಡೇರೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಮಲಗಿದವರು ಎಚ್ಚರಗೊಳ್ಳದೆಯೇ ಪ್ರಾಣ ಬಿಡುತ್ತಾರೆ. ಬೆಂಕಿ ಹೊರಗಿರಲಿ, ಡೇರೆಯಿಂದ ದೂರದಲ್ಲಿರಲಿ. ಅಗ್ನಿಶಾಮಕ ಉಪಕರಣ ಎಲ್ಲಿದೆ, ಡೇರೆಗೆ ಹಿಂದಿನಿಂದಲೂ ಹೊರಬರುವ ದಾರಿಯಿದೆಯೇ ಎಂಬುದನ್ನೂ ಇದೇ ಮಾತಿನಲ್ಲಿ ಕೇಳಿ.

ನೀರಿನ ಬಗ್ಗೆ: ಈ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 200 ಮಿಲಿಮೀಟರಿಗೂ ಕಡಿಮೆ, ಮುಂಬಯಿಯಲ್ಲಿ ಒಂದು ಜೋರು ಮಳೆಯ ದಿನಕ್ಕೆ ಸುರಿದುಹೋಗುವಷ್ಟು. ಶಿಬಿರಗಳಿಗೆ ನೀರು ಬರುವುದು ಬೋರ್‌ವೆಲ್‌ನಿಂದ ಅಥವಾ ಟ್ಯಾಂಕರಿನಿಂದ. ಬೋರ್‌ವೆಲ್ ನೀರು ಹೆಚ್ಚಾಗಿ ಸವಳು, ಸಾಬೂನು ನೊರೆ ಕಟ್ಟುವುದಿಲ್ಲ. ಗೀಸರ್ ಪ್ರತಿ ಡೇರೆಗೂ ಬೇರೆ ಇದೆಯೇ, ಇಲ್ಲವಾದರೆ ಬಿಸಿನೀರು ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಎಂದು ಕೇಳಿ. ಬೆಳಗ್ಗೆ ಆರಕ್ಕೇ ಸ್ನಾನ ಮುಗಿಸುವ ಅಭ್ಯಾಸವಿರುವ ನಮ್ಮ ಹಿರಿಯರಿಗೆ ಇದು ದೊಡ್ಡ ಪ್ರಶ್ನೆ. ಹೊಸದಾಗಿ ಈಜುಕೊಳ ತೋಡಿಸಿ ಅದನ್ನೇ ಆಕರ್ಷಣೆಯಾಗಿ ತೋರಿಸುವ ಶಿಬಿರಗಳನ್ನು ನಾನು ಆರಿಸುವುದಿಲ್ಲ; ಕುಡಿಯುವ ನೀರಿಗೆ ಹಳ್ಳಿಯ ಹೆಂಗಸರು ಕೊಡ ಹೊತ್ತು ನಡೆಯುವ ಸೀಮೆಯಲ್ಲಿ ಅದು ಮನಸ್ಸಿಗೆ ಒಗ್ಗುವುದಿಲ್ಲ.

ಸದ್ದಿನ ವಿಷಯದಲ್ಲಿ ನೇರವಾಗಿಯೇ ಕೇಳಬೇಕು: ಧ್ವನಿವರ್ಧಕದ ಸಂಗೀತ ಎಷ್ಟು ಗಂಟೆಗೆ ನಿಲ್ಲುತ್ತದೆ, ನೀವು ತಂಗುವ ದಿನ ಮದುವೆಯೋ ಕಂಪನಿಯ ಕೂಟವೋ ಇದೆಯೇ, ಜನರೇಟರಿನಿಂದ ದೂರದ ಡೇರೆ ಕೊಡುವಿರಾ? ಉತ್ತರವನ್ನು ವಾಟ್ಸಾಪ್‌ನಲ್ಲೋ ಇಮೇಲ್‌ನಲ್ಲೋ ಬರೆಸಿಕೊಳ್ಳಿ. ಬಾಯಿಮಾತು ಸ್ವಾಗತಕಟ್ಟೆಯಲ್ಲಿ ನಿಲ್ಲುವುದಿಲ್ಲ.

ದರದ ವಿಷಯದಲ್ಲಿ ದರ ಡೇರೆಗೋ ತಲೆಗೋ ಎಂಬುದೇ ಮೊದಲ ಪ್ರಶ್ನೆ. ಕಡಿಮೆಯೆಂದು ಕಾಣುವ ಅನೇಕ ದರಗಳು ತಲೆಗೆ ಹೇಳಿದವಾಗಿರುತ್ತವೆ. ಸಿಪಿ ಎಂದರೆ ಬೆಳಗಿನ ಉಪಾಹಾರ ಮಾತ್ರ, ಎಂಎಪಿ ಎಂದರೆ ಅದರ ಜೊತೆಗೆ ಒಂದು ಊಟ, ಎಪಿ ಎಂದರೆ ಮೂರು ಹೊತ್ತಿನದೂ. ಸುತ್ತ ಬೇರೆ ಹೋಟೆಲಿಲ್ಲದ ಕಡೆ ಎರಡು ರಾತ್ರಿ ತಂಗುವುದಾದರೆ ಎಪಿಯೇ ಸರಿ. ಒಂಟೆ ಸವಾರಿ, ಜೀಪ್, ಸಂಗೀತ, ನಗರದಿಂದ ಕರೆತರುವ ವಾಹನ ಇವುಗಳಲ್ಲಿ ಯಾವುದು ದರದಲ್ಲಿ ಸೇರಿದೆ ಎಂಬುದು ಸ್ಪಷ್ಟವಾಗಲಿ. ಡಿಸೆಂಬರ್ 24 ಮತ್ತು 31ರಂದು ಕಡ್ಡಾಯ ವಿಶೇಷ ಭೋಜನದ ಶುಲ್ಕ ಸೇರಿಸುವ ರೂಢಿಯಿದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ವಸತಿಗೆ ಶೇ 5ರಷ್ಟು, ಅದಕ್ಕಿಂತ ಹೆಚ್ಚಿನದಕ್ಕೆ ಶೇ 18ರಷ್ಟು ಜಿಎಸ್‌ಟಿ ಇದೆ. ಆದ್ದರಿಂದ 8,000 ರೂಪಾಯಿಯ ಡೇರೆಗೂ 7,400ರ ಡೇರೆಗೂ ಇರುವ ನಿಜವಾದ ಅಂತರ 600 ರೂಪಾಯಿಯಲ್ಲ, ತೆರಿಗೆ ಸೇರಿ 1,670. ಹಣವನ್ನು ಯಾರದೋ ವೈಯಕ್ತಿಕ ಯುಪಿಐ ಸಂಖ್ಯೆಗೆ ಕಳಿಸದೆ, ಜಿಎಸ್‌ಟಿ ಸಂಖ್ಯೆಯಿರುವ ರಸೀದಿ ಕೊಡುವ ಖಾತೆಗೇ ಕಳಿಸಿ. ಹೆಸರಾಂತ ಶಿಬಿರಗಳ ಹೆಸರಿನಲ್ಲಿ ನಕಲಿ ಜಾಲತಾಣ ತೆರೆದು ಮುಂಗಡ ಕೀಳುವವರಿದ್ದಾರೆ.

ಅಲ್ಲಿಗೆ ತಲುಪುವುದು

ಬಾಂದ್ರಾ ಟರ್ಮಿನಸ್‌ನಿಂದ ಜೈಸಲ್ಮೇರ್‌ಗೆ ವಾರಕ್ಕೊಂದು ನೇರ ರೈಲಿದೆ. ಜೋಧ್‌ಪುರಕ್ಕೆ ಸೂರ್ಯನಗರಿ ಎಕ್ಸ್‌ಪ್ರೆಸ್ ದಿನವೂ ಹೊರಡುತ್ತದೆ. ಬೆಂಗಳೂರಿನಿಂದ ಹುಬ್ಬಳ್ಳಿ, ಪುಣೆ ಮಾರ್ಗವಾಗಿ ಜೋಧ್‌ಪುರಕ್ಕೆ ಹೋಗುವ ರೈಲು ಪುಣೆಯವರಿಗೆ ವಿಶೇಷ ಅನುಕೂಲ, ಏಕೆಂದರೆ ಊರಿನಿಂದ ಹೊರಟ ಬಂಧುಗಳ ಜೊತೆಗೆ ಒಂದೇ ಬೋಗಿಯಲ್ಲಿ ಸೇರಿಕೊಳ್ಳಬಹುದು. ಗೋವಾದವರಿಗೆ ಮಡಗಾಂವ್ ಮೂಲಕ ಅಜ್ಮೇರ್‌ಗೆ ಹೋಗುವ ಮರುಸಾಗರ ಎಕ್ಸ್‌ಪ್ರೆಸ್ ವಾರಕ್ಕೊಮ್ಮೆ ಇದೆಯಾದರೂ, ವಿಮಾನದಲ್ಲಿ ಮುಂಬಯಿ ಅಥವಾ ಅಹಮದಾಬಾದ್ ಮೂಲಕ ಹೋಗುವುದೇ ಸುಲಭ. ರೈಲಿನ ಮುಂಗಡ ಕಾಯ್ದಿರಿಸುವಿಕೆಯ ಅವಧಿ 2024ರ ನವೆಂಬರ್ 1ರಿಂದ 120 ದಿನಗಳ ಬದಲು 60 ದಿನಗಳಾಗಿದೆ; ಹಂಗಾಮಿನ ಟಿಕೆಟ್‌ಗಳಿಗೆ ಅರವತ್ತನೆಯ ದಿನದ ಬೆಳಗ್ಗೆಯೇ ಕುಳಿತುಕೊಳ್ಳಬೇಕು.

ಜೈಸಲ್ಮೇರ್‌ಗೆ ವಿಮಾನಗಳು ಮುಖ್ಯವಾಗಿ ಚಳಿಗಾಲದಲ್ಲಿ ಹಾರುತ್ತವೆ. ಅದು ಗಡಿ ಜಿಲ್ಲೆಯ ವಾಯುನೆಲೆಯಾದ್ದರಿಂದ ಹೊರಡುವ ಹಿಂದಿನ ದಿನ ವಿಮಾನದ ಸ್ಥಿತಿ ಮತ್ತೆ ನೋಡಿಕೊಳ್ಳಿ. ಜೋಧ್‌ಪುರದಲ್ಲಿ ಇಳಿದರೆ ಜೈಸಲ್ಮೇರ್ ಇನ್ನೂ ಸುಮಾರು 280 ಕಿಲೋಮೀಟರ್, ಕಾರಿನಲ್ಲಿ ಐದು ಗಂಟೆ. ಅದೇ ದಿನ ಶಿಬಿರಕ್ಕೆ ಓಡಬೇಡಿ. ಮೊದಲ ರಾತ್ರಿಯನ್ನು ಜೈಸಲ್ಮೇರ್ ನಗರದಲ್ಲಿ, ಕೋಟೆಯ ಹೊರಗಿನ ವಸತಿಗೃಹದಲ್ಲಿ ಕಳೆಯಿರಿ. 1156ರಲ್ಲಿ ರಾವಲ್ ಜೈಸಲ್ ಕಟ್ಟಿಸಿದ ಆ ಕೋಟೆಯೊಳಗೆ ಇಂದಿಗೂ ಜನ ವಾಸಿಸುತ್ತಾರೆ, ಮತ್ತು ಒಳಗೆ ಬಳಸಿದ ನೀರು ಅಡಿಪಾಯಕ್ಕೆ ಇಂಗಿ ಗೋಡೆಗಳಿಗೆ ಹಾನಿಯಾಗುತ್ತಿರುವುದು ಬಹುಕಾಲದ ಸಮಸ್ಯೆ. ಆದ್ದರಿಂದ ಒಳಗೆ ತಿರುಗಾಡಿ, ಹೊರಗೆ ಮಲಗಿ. ಮರುದಿನ ಮಧ್ಯಾಹ್ನ ಶಿಬಿರದ್ದೇ ವಾಹನ ತರಿಸಿಕೊಳ್ಳುವುದು ಉತ್ತಮ. ನಿಲ್ದಾಣದ ಬಳಿ ಸಿಗುವ ಕೆಲವು ಚಾಲಕರು, ನೀವು ಹೇಳಿದ ಶಿಬಿರ ಮುಚ್ಚಿದೆ ಎಂದು ಹೇಳಿ ತಮಗೆ ಕಮಿಷನ್ ಸಿಗುವ ಕಡೆಗೆ ಒಯ್ಯಲು ನೋಡುತ್ತಾರೆ.

ವಿದೇಶಿ ಪಾಸ್‌ಪೋರ್ಟ್ ಇರುವ ಬಂಧುಗಳು ಜೊತೆಗಿದ್ದರೆ ಮೊದಲೇ ಶಿಬಿರಕ್ಕೆ ತಿಳಿಸಿ, ಏಕೆಂದರೆ ಗಡಿಯ ಕಡೆಯ ಕೆಲವು ಪ್ರದೇಶಗಳಿಗೆ ವಿದೇಶಿ ನಾಗರಿಕರು ಅನುಮತಿ ಪಡೆಯಬೇಕಾಗುತ್ತದೆ. ಡ್ರೋನ್ ಅನ್ನು ಮನೆಯಲ್ಲೇ ಬಿಡಿ.

ಪೆಟ್ಟಿಗೆಯಲ್ಲಿ ಏನಿರಬೇಕು

ಒಂದು ದಪ್ಪ ಜಾಕೆಟ್ಟಿಗಿಂತ ತೆಳುವಾದ ಮೂರು ಪದರಗಳು ಹೆಚ್ಚು ಉಪಯುಕ್ತ. ಒಳಗೆ ಥರ್ಮಲ್, ಅದರ ಮೇಲೆ ಉಣ್ಣೆಯ ಸ್ವೆಟರ್, ಮೇಲೆ ಗಾಳಿ ತಡೆಯುವ ಜಾಕೆಟ್. ಮಧ್ಯಾಹ್ನ ಒಂದೊಂದಾಗಿ ಕಳಚುತ್ತ, ಸಂಜೆ ಒಂದೊಂದಾಗಿ ಏರಿಸುತ್ತ ಹೋಗಬಹುದು. ಕಿವಿ ಮುಚ್ಚುವ ಟೋಪಿ, ಉಣ್ಣೆಯ ಕಾಲುಚೀಲ ಪ್ರತಿಯೊಬ್ಬರಿಗೂ ಬೇಕು. ಸೀರೆಯುಡುವ ಹಿರಿಯರಿಗೆ ಒಳಗೆ ಥರ್ಮಲ್ ಪ್ಯಾಂಟ್ ಮತ್ತು ಮೇಲೆ ದಪ್ಪ ಶಾಲು ಸಾಕಾಗುತ್ತದೆ. ಮರಳಿನಲ್ಲಿ ಮುಳ್ಳುಹುಲ್ಲಿನ ಬೀಜಗಳು ಬಟ್ಟೆಗೂ ಪಾದಕ್ಕೂ ಅಂಟಿಕೊಳ್ಳುವುದರಿಂದ ಬರಿಗಾಲು ಬೇಡ. ಮುಚ್ಚಿದ ಬೂಟು ಇರಲಿ, ಜಾಲರಿಯ ಬೂಟು ಮಾತ್ರ ಬೇಡ, ಮರಳು ತುಂಬಿಕೊಳ್ಳುತ್ತದೆ.

ಕರಾವಳಿಯ ಚರ್ಮ ಅಲ್ಲಿ ಎರಡನೆಯ ದಿನಕ್ಕೇ ಬಿರಿಯತೊಡಗುತ್ತದೆ, ಮೂಗಿನೊಳಗೆ ಒಣಗಿ ಕೆಲವರಿಗೆ ರಕ್ತವೂ ಒಸರುತ್ತದೆ. ಬೆವರು ಬಂದ ಕೂಡಲೇ ಆವಿಯಾಗುವುದರಿಂದ ಬಾಯಾರಿಕೆ ತಡವಾಗಿ ಗೊತ್ತಾಗುತ್ತದೆ. ಬಾಯಾರದಿದ್ದರೂ ನೀರು ಕುಡಿಯುತ್ತಿರಬೇಕು. ತುಟಿಗೆ ಮುಲಾಮು, ಮೈಗೆ ದಪ್ಪ ಕ್ರೀಮ್ ಇರಲಿ. ಕೊಬ್ಬರಿ ಎಣ್ಣೆ ಒಯ್ಯುವವರು ಅಗಲ ಬಾಯಿಯ ಡಬ್ಬಿಯಲ್ಲಿ ಒಯ್ಯಲಿ, 24 ಡಿಗ್ರಿಯ ಕೆಳಗೆ ಅದು ಗಟ್ಟಿಯಾಗುತ್ತದೆ, ಸಣ್ಣ ಬಾಯಿಯ ಬಾಟಲಿಯಿಂದ ಒಂದು ತೊಟ್ಟೂ ಇಳಿಯುವುದಿಲ್ಲ. ಆಸ್ಪತ್ರೆ ಹತ್ತಿರವಿಲ್ಲದ್ದರಿಂದ ಬಿಪಿ, ಸಕ್ಕರೆ ಕಾಯಿಲೆ, ಆಸ್ತಮಾದ ಔಷಧಿಗಳು ಅಗತ್ಯಕ್ಕಿಂತ ಎರಡು ದಿನ ಹೆಚ್ಚಾಗಿಯೇ ಇರಲಿ. ಟಾರ್ಚ್, ಪವರ್‌ಬ್ಯಾಂಕ್, ಸ್ವಲ್ಪ ನಗದು, ಆಧಾರ್ ಕಾರ್ಡ್, ಕ್ಯಾಮೆರಾಗೆ ಜಿಪ್ ಇರುವ ಪ್ಲಾಸ್ಟಿಕ್ ಚೀಲ. ದಿಬ್ಬದ ಮೇಲೆ ಲೆನ್ಸ್ ಬದಲಿಸಬೇಡಿ. ಮರಳಿನ ಕಣ ಗಾಜನ್ನು ಗೀರುತ್ತದೆ.

ಶಿಬಿರದ ಮೊದಲ ಸಂಜೆ

ಮಧ್ಯಾಹ್ನ ಎರಡರಿಂದ ಮೂರರೊಳಗೆ ತಲುಪಿ. ಹಾರ, ತಿಲಕ, ಶರಬತ್ತಿನ ಸ್ವಾಗತ ಮುಗಿದ ಕೂಡಲೇ, ಸಾಮಾನು ಬಿಚ್ಚುವ ಮೊದಲು ಡೇರೆಯನ್ನು ಪರೀಕ್ಷಿಸಬೇಕು. ಹೀಟರ್ ಹಾಕಿ ನೋಡಿ, ಗೀಸರಿನ ನೀರು ಬಿಡಿ, ಜಿಪ್‌ಗಳು ಕೆಳತುದಿಯವರೆಗೆ ಮುಚ್ಚುತ್ತವೆಯೇ ಗಮನಿಸಿ, ಶೌಚಾಲಯದ ಮೆಟ್ಟಿಲು ಹಿರಿಯರಿಗೆ ಹತ್ತಲಾಗುವಷ್ಟೇ ಎತ್ತರವಿದೆಯೇ ಎಂದು ಅವರಿಂದಲೇ ಹತ್ತಿಸಿ ನೋಡಿ. ಸರಿಯಿಲ್ಲದಿದ್ದರೆ ಆಗಲೇ ಬೇರೆ ಡೇರೆ ಕೇಳಬಹುದು. ಸಂಜೆ ಏಳರ ನಂತರ ಖಾಲಿ ಡೇರೆ ಉಳಿದಿರುವುದಿಲ್ಲ.

ಡಿಸೆಂಬರ್, ಜನವರಿಯಲ್ಲಿ ಸೂರ್ಯ ಮುಳುಗುವುದು ಆರರ ಸುಮಾರಿಗೆ. ನಾಲ್ಕೂವರೆಗೆಲ್ಲ ದಿಬ್ಬದ ಬುಡದಲ್ಲಿರಿ. ಎಲ್ಲರೂ ನಿಲ್ಲುವ ಮೊದಲ ದಿಬ್ಬವನ್ನು ದಾಟಿ ಏಣಿನ ಗುಂಟ ಹದಿನೈದು ನಿಮಿಷ ನಡೆದರೆ ಜಂಗುಳಿ ಹಿಂದೆ ಉಳಿಯುತ್ತದೆ. ನಡೆಯುವಾಗ ಗಾಳಿ ಬಂದು ಹೊಡೆಯುವ ಬದಿಯನ್ನೇ ಹಿಡಿಯಿರಿ, ಅಲ್ಲಿ ಮರಳು ಗಟ್ಟಿಯಾಗಿ ಕೂತಿರುತ್ತದೆ, ಇಳಿಜಾರೂ ಸೌಮ್ಯ. ಗಾಳಿಯ ಮರೆಯ ಬದಿ ಮೂವತ್ತು ಡಿಗ್ರಿಗೂ ಹೆಚ್ಚು ಕಡಿದಾಗಿದ್ದು ಹೆಜ್ಜೆ ಹೆಜ್ಜೆಗೂ ಜಾರುತ್ತದೆ. ಮಕ್ಕಳಿಗೆ ಜಾರಿ ಆಡಲು ಅದು ಸರಿ, ಮೊಣಕಾಲು ನೋವಿರುವವರಿಗಲ್ಲ.

ಒಂಟೆ ಹತ್ತುವವರಿಗೆ ಒಂದು ಸೂತ್ರ ಗೊತ್ತಿದ್ದರೆ ಸಾಕು. ಒಂಟೆ ಏಳುವಾಗ ಹಿಂಗಾಲುಗಳನ್ನು ಮೊದಲು ಎತ್ತುತ್ತದೆ, ಕೂರುವಾಗ ಮುಂಗಾಲುಗಳನ್ನು ಮೊದಲು ಮಡಿಸುತ್ತದೆ. ಎರಡೂ ಸಲ ಸವಾರ ಮುಂದಕ್ಕೆ ವಾಲುತ್ತಾನೆ. ಆದ್ದರಿಂದ ಎರಡೂ ಸಲ ಜೀನಿನ ಹಿಡಿಯನ್ನು ಬಿಗಿಯಾಗಿ ಹಿಡಿದು ಬೆನ್ನನ್ನು ಹಿಂದಕ್ಕೆ ಬಾಗಿಸಿ. ಬೆನ್ನುನೋವು, ಮೂಳೆ ಸವೆತ ಇರುವವರು, ಗರ್ಭಿಣಿಯರು ಹತ್ತಬಾರದು. ಅವರಿಗೆ ಒಂಟೆ ಗಾಡಿಯಿದೆ, ಅಗಲವಾದ ಹಾಸು ಹಾಕಿದ ಅದರ ಮೇಲೆ ನಾಲ್ಕು ಜನ ಕೂತು ಹೋಗಬಹುದು. ಒಂಟೆಯ ಮೂಗಿನ ಬಳಿ ಗಾಯವಿದ್ದರೆ, ಕುಂಟುತ್ತಿದ್ದರೆ ಅದನ್ನು ನಿರಾಕರಿಸಿ ಬೇರೆ ಕೇಳಿ. ಒಂಟೆಯವರನ್ನು ಭಾಯಿಸಾ ಎಂದು ಕರೆದು ಮಾತಾಡಿಸಿದರೆ ಅವರು ದಾರಿಯುದ್ದಕ್ಕೂ ಗಿಡಗಳ ಹೆಸರು, ಹೆಜ್ಜೆಗುರುತುಗಳ ಗುರುತು ಹೇಳುತ್ತಾ ಬರುತ್ತಾರೆ. ಕಾರುಗಳನ್ನು ದಿಬ್ಬದ ಮೇಲೆ ನುಗ್ಗಿಸುವ ಮೋಜನ್ನು ನಾನು ಶಿಫಾರಸು ಮಾಡುವುದಿಲ್ಲ. ಬೆನ್ನುಮೂಳೆಗೆ ಅಪಾಯ, ಸದ್ದು ವಿಪರೀತ. ಅಲ್ಲದೆ ಈ ಪ್ರದೇಶ 3,162 ಚದರ ಕಿಲೋಮೀಟರ್ ವಿಸ್ತಾರದ ಮರುಭೂಮಿ ರಾಷ್ಟ್ರೀಯ ಉದ್ಯಾನಕ್ಕೆ ತಾಗಿಕೊಂಡಿದೆ. ನಮ್ಮ ಸಿರುಗುಪ್ಪ, ರಾಣೆಬೆನ್ನೂರಿನ ಎರೆಯ ಬಯಲುಗಳಲ್ಲಿ ಹಿಂದೆ ಕಾಣುತ್ತಿದ್ದ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗೆ ಇಂದು ಉಳಿದಿರುವ ದೊಡ್ಡ ನೆಲೆ ಇದೇ ಜಿಲ್ಲೆ.

ರಾತ್ರಿಯ ಸಂಗೀತವನ್ನು ತಪ್ಪಿಸಿಕೊಳ್ಳಬಾರದು. ಮಾಂಗಣಿಯಾರ್ ಮತ್ತು ಲಂಗಾ ಸಮುದಾಯದವರು ತಲೆಮಾರುಗಳಿಂದ ಹಾಡುತ್ತ ಬಂದವರು. ಕಮಾಯಿಚಾ ಎಂಬ ಕಮಾನಿನ ವಾದ್ಯ ಮಾಂಗಣಿಯಾರರ ಹೆಮ್ಮೆ. ಹಮೀರಾ ಗ್ರಾಮದ ಸಾಕರ್ ಖಾನ್ ಅವರಿಗೆ ಅದರ ವಾದನಕ್ಕಾಗಿಯೇ 2012ರಲ್ಲಿ ಪದ್ಮಶ್ರೀ ಬಂದಿತು. ಹಾವಾಡಿಗ ಸಮುದಾಯವಾದ ಕಾಲಬೇಲಿಯಾದವರ ಹಾಡು, ನೃತ್ಯ 2010ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದೆ. ಸಿನಿಮಾ ಹಾಡು ಹಾಡಿಸುವ ಅತಿಥಿಗಳು ಎಲ್ಲೆಡೆ ಇರುತ್ತಾರೆ. ನೀವು ಮೈಕ್ ಇಲ್ಲದೆ, ಅವರದೇ ಪದಗಳನ್ನು ಹಾಡುವಂತೆ ಕೇಳಿಕೊಳ್ಳಿ. ಸಣ್ಣ ಶಿಬಿರಗಳಲ್ಲಿ ಹತ್ತು ಜನ ಒಟ್ಟಾಗಿ ಕೇಳಿದರೆ ಇದು ಖಂಡಿತ ಸಾಧ್ಯ. ಶಿಬಿರ ಕೊಡುವ ಸಂಭಾವನೆ ದೊಡ್ಡದಲ್ಲ, ಆದ್ದರಿಂದ ಹಣವನ್ನು ನೇರವಾಗಿ ಕಲಾವಿದರ ಕೈಗೇ ಕೊಡಿ.

ಊಟಕ್ಕೆ ದಾಲ್ ಬಾಟಿ ಚೂರ್ಮಾ, ಗಟ್ಟೆ, ಸಜ್ಜೆ ರೊಟ್ಟಿ ಸಿಗುತ್ತವೆ. ಉತ್ತರ ಕರ್ನಾಟಕದವರಿಗೆ ಸಜ್ಜೆ ಹೊಸದಲ್ಲ. ಕೇರ್ ಸಾಂಗ್ರಿ ಪಲ್ಯವನ್ನು ಮಾತ್ರ ಬಿಡದೆ ತಿನ್ನಿ. ಸಾಂಗ್ರಿ ಎಂದರೆ ಖೇಜ್ರಿ ಮರದ ಕಾಯಿ, ಖೇಜ್ರಿ ಎಂದರೆ ದಸರೆಯಲ್ಲಿ ನಾವು ಎಲೆ ಹಂಚುವ ಬನ್ನಿ ಮರವೇ. ಬಾಟಿ ತುಪ್ಪದಲ್ಲಿ ಮುಳುಗಿ ಬರುವುದರಿಂದ ರಾತ್ರಿ ಹಿರಿಯರಿಗೆ ಜೀರ್ಣವಾಗುವುದು ಕಷ್ಟ. ಅನ್ನ, ತೊವ್ವೆ, ಮಜ್ಜಿಗೆ ಬೇಕೆಂದು ಮಧ್ಯಾಹ್ನವೇ ಹೇಳಿಟ್ಟರೆ ಮಾಡಿಕೊಡುತ್ತಾರೆ. ಈರುಳ್ಳಿ ಬೆಳ್ಳುಳ್ಳಿ ಬಿಟ್ಟ ಅಡಿಗೆ ಅಲ್ಲಿಯವರಿಗೆ ಚೆನ್ನಾಗಿ ಗೊತ್ತು. ಕಾಫಿ ಮಾತ್ರ ನಿಮ್ಮದೇ ಪುಡಿ ಇರಲಿ.

ರಾತ್ರಿ ಮತ್ತು ಬೆಳಗು

ಮಲಗುವ ಒಂದು ಗಂಟೆ ಮೊದಲೇ ಹೀಟರ್ ಹಾಕಿಸಿ, ಬಿಸಿನೀರಿನ ಚೀಲವನ್ನು ರಜಾಯಿಯೊಳಗೆ ಇಡಿ. ಬಟ್ಟೆ, ಪರದೆ ಹೀಟರಿಗೆ ತಾಗದಿರಲಿ. ಹೊರಗೆ ಬಿಟ್ಟ ಬೂಟನ್ನು ಬೆಳಗ್ಗೆ ಕೊಡವದೆ ತೊಡಬೇಡಿ, ಕತ್ತಲಲ್ಲಿ ಟಾರ್ಚ್ ಇಲ್ಲದೆ ನಡೆಯಬೇಡಿ; ಚೇಳು ಮತ್ತು ಗರಗಸ ಮಂಡಲ ಹಾವು ಈ ನಾಡಿನವೇ, ಚಳಿಗಾಲದಲ್ಲಿ ಅಪರೂಪವಾದರೂ ಅಕ್ಟೋಬರ್ ಮತ್ತು ಮಾರ್ಚ್‌ನಲ್ಲಿ ಎಚ್ಚರ ಬೇಕು. ಡೇರೆಯ ಜಿಪ್ ಸದಾ ಮುಚ್ಚಿರಲಿ.

ರಾತ್ರಿಯ ಅತಿ ಹೆಚ್ಚು ಚಳಿ ಸೂರ್ಯೋದಯಕ್ಕೆ ಸ್ವಲ್ಪ ಮೊದಲು. ಜೈಸಲ್ಮೇರ್ ಮುಂಬಯಿಗಿಂತಲೂ ಪಶ್ಚಿಮಕ್ಕಿರುವುದರಿಂದ ಜನವರಿಯಲ್ಲಿ ಸೂರ್ಯ ಮೂಡುವುದು ಏಳೂವರೆಯ ಹೊತ್ತಿಗೆ; ಐದಕ್ಕೇ ಎದ್ದು ನಡುಗಬೇಕಾಗಿಲ್ಲ, ಆರೂಮುಕ್ಕಾಲಿಗೆ ಹೊರಟರೆ ಸಾಕು. ಸಂಜೆ ನೂರಾರು ಜನ ತುಳಿದ ದಿಬ್ಬ ರಾತ್ರಿಯ ಗಾಳಿಗೆ ಮತ್ತೆ ನುಣುಪಾಗಿರುತ್ತದೆ, ಅದರ ಮೇಲೆ ಜೀರುಂಡೆ, ನರಿ, ಹಲ್ಲಿಗಳ ಹೆಜ್ಜೆಗಳು ಮಾತ್ರ. ಎರಡು ರಾತ್ರಿ ತಂಗಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ಒಂದೇ ರಾತ್ರಿ ತಂಗುವವರು ಬೆಳಗ್ಗೆ ಸಾಮಾನು ಕಟ್ಟುವ ಅವಸರದಲ್ಲಿರುತ್ತಾರೆ, ಶಿಬಿರಗಳು ಹತ್ತೋ ಹನ್ನೊಂದೋ ಗಂಟೆಗೆ ತೆರವು ಮಾಡಿಸುತ್ತವೆ. ನಡುವಿನ ದಿನ ಪೂರ್ತಿ ನಿಮ್ಮದಾಗಿದ್ದರೆ ಬೆಳಗ್ಗೆ ದಿಬ್ಬ, ಆಮೇಲೆ ಪಾಲೀವಾಲ ಬ್ರಾಹ್ಮಣರು ಹಿಂದೆ ಬಿಟ್ಟುಹೋದ ಕುಲ್ಧರಾ ಗ್ರಾಮ, ಮಧ್ಯಾಹ್ನ ಡೇರೆಯ ನೆರಳಿನಲ್ಲಿ ಒಂದು ನಿದ್ದೆ, ಸಂಜೆ ಮತ್ತೆ ಮರಳು ಎಂದು ನಿಧಾನವಾಗಿ ಕಳೆಯಬಹುದು.

ಹೊರಡುವ ಹಿಂದಿನ ರಾತ್ರಿಯೇ ಬಿಲ್ ತರಿಸಿ, ಬರೆಸಿಕೊಂಡ ದರದೊಂದಿಗೆ ಹೋಲಿಸಿ ನೋಡಿ. ಬೆಳಗಿನ ಗಡಿಬಿಡಿಯಲ್ಲಿ ನೀರಿನ ಬಾಟಲಿ, ಜೀಪು, ಹೆಚ್ಚುವರಿ ಹಾಸಿಗೆಯ ಲೆಕ್ಕ ತಿದ್ದಿಸುವುದು ಕಷ್ಟ. ಡೈಪರ್, ಸ್ಯಾನಿಟರಿ ಪ್ಯಾಡ್, ಬ್ಯಾಟರಿ, ಪ್ಲಾಸ್ಟಿಕ್ ಮೊದಲಾದವನ್ನು ಒಂದು ಚೀಲದಲ್ಲಿ ಕಟ್ಟಿ ನಗರಕ್ಕೆ ಹಿಂದಕ್ಕೆ ಒಯ್ಯಿರಿ, ಅಲ್ಲಿ ಬಿಟ್ಟದ್ದು ಕೊನೆಗೆ ಸೇರುವುದು ಮರಳಿನಲ್ಲಿಯೇ. ಜೋಧ್‌ಪುರದಿಂದ ಸಂಜೆಯ ವಿಮಾನ ಹಿಡಿಯುವವರು ಸಮ್‌ನಿಂದ ಬೆಳಗ್ಗೆ ಒಂಬತ್ತರೊಳಗೆ ಹೊರಡಬೇಕು, ಏಕೆಂದರೆ ರಸ್ತೆಯೊಂದಕ್ಕೇ ಆರು ಗಂಟೆ ಹಿಡಿಯುತ್ತದೆ, ಮತ್ತು ದಾರಿಯಲ್ಲಿ ಊಟಕ್ಕೆ ಪೋಕರಣ್ ಬಿಟ್ಟರೆ ನಿಲ್ಲಲು ತಕ್ಕ ಊರುಗಳು ಕಡಿಮೆ.